ಮೂವತ್ತು ಕೇಳಿದರೆ ಮೂವತ್ತೆರಡು ಕೊಡುವವನು

ಬಸವಪ್ರಸಾದನ ಕೆಲಸ ಏನು ಅನ್ನೋದು ಸಾರಕ್ಕಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹದಿನೇಳು ವರ್ಷ ಅವನ ಜೊತೆ ಸಂಸಾರ ಮಾಡಿದ ಶಿಲ್ಪಶ್ರೀಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಕಂಪ್ಯೂಟರ್ ಮುಂದೆ ಕೂತಿರ್ತಾರೆ ಅನ್ನುತ್ತಿದ್ದಳು, ಅದರಲ್ಲಿ ಸುಳ್ಳೇನೂ ಇಲ್ಲ. ಮಗಳು ಐಶ್ವರ್ಯ ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಅನ್ನುವ ಕಡೆ ಒಂದು ವರ್ಷ ಇಂಜಿನಿಯರ್ ಅಂತಲೂ ಮರುವರ್ಷ ಬರೀ ಲಿಫ್ಟ್ ಅಂತಲೂ ಬರೆದಿದ್ದಳು. ಎರಡನೆಯದೇ ಹೆಚ್ಚು ಸರಿ. ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಕೂತು, ಲಿಫ್ಟಿನೊಳಗೆ ಮಹಡಿಯ ನಂಬರು ತೋರಿಸುವ ಪುಟ್ಟ ಪರದೆಗೆ ಅವನು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ. ಲಿಫ್ಟ್ ಹತ್ತಿದ ಮೇಲೆ ಪಕ್ಕದವರ ಮುಖ ನೋಡೋಕೆ ಸಂಕೋಚವಾಗಿ ನಾವೆಲ್ಲ ಕತ್ತೆತ್ತಿ ನೋಡುತ್ತಾ ನಿಲ್ಲುತ್ತೇವಲ್ಲ, ಅದೇ ಪರದೆ. ಇಷ್ಟು ಜನ ದಿನಾ ಇಷ್ಟು ಶ್ರದ್ಧೆಯಿಂದ ನೋಡುವ ವಸ್ತು ಮಾಡುವವನನ್ನು, ನೀನೇನು ಮಾಡ್ತೀಯಪ್ಪಾ ಅಂತ ಒಬ್ಬರೂ ಕೇಳಿರಲಿಲ್ಲ. ಈ ಕೊರತೆ ಅವನ ಮನಸ್ಸಿನಲ್ಲಿತ್ತು. ಆಮೇಲಿನ ಅನಾಹುತಕ್ಕೆಲ್ಲ ಅದೇ ಮೂಲ.

ಅವನಿದ್ದದ್ದು ಚಿಕ್ಕಬೈರಪ್ಪನವರ ಮನೆಯ ಮೊದಲ ಮಹಡಿಯಲ್ಲಿ, ಒಂಬತ್ತು ವರ್ಷದಿಂದ ಬಾಡಿಗೆಗೆ. ಚಿಕ್ಕಬೈರಪ್ಪನವರು ಸಾರಕ್ಕಿಯ ಹಳಬರು. ಈಗ ಸಿಗ್ನಲ್ಲಿನಲ್ಲಿ ಬಸ್ಸುಗಳು ನಿಂತು ಬುಸುಗುಡುವ ಜಾಗದ ಹಿಂದೆ ಒಂದು ಕಾಲಕ್ಕೆ ಅವರಪ್ಪ ರಾಗಿ, ಅವರೆ ಬೆಳೆಯುತ್ತಿದ್ದರು. ದೀಪಾವಳಿ ಆದ ಮೇಲೆ ಒಂದು ದಿನ ಚಿಕ್ಕಬೈರಪ್ಪನವರು ಮೆಟ್ಟಿಲು ಹತ್ತಿ ಬಂದು, ಮಗಳು ಶ್ವೇತ ಗಂಡನ ಸಮೇತ ಕೋಲಾರದಿಂದ ಬಂದು ಇಲ್ಲೇ ಇರ್ತಾಳೆ, ಸಂಕ್ರಾಂತಿ ಒಳಗೆ ಮನೆ ಖಾಲಿ ಮಾಡಿಕೊಡಿ ಅಂದರು. ಐಶ್ವರ್ಯ ಈ ವರ್ಷ ಎಸ್ಸೆಸ್ಸೆಲ್ಸಿ. ಶಾಲೆ ಎರಡು ತಿರುವಿನಾಚೆ, ಲೆಕ್ಕದ ಟ್ಯೂಷನ್ನು ಎದುರು ಬೀದಿ. ಏಪ್ರಿಲ್‌ವರೆಗೆ ಬಿಡಿ ಸಾರ್, ಹುಡುಗಿ ಪರೀಕ್ಷೆ ಮುಗೀಲಿ ಅಂತ ಬಸವಪ್ರಸಾದ ಕೈಮುಗಿದ. ಚಿಕ್ಕಬೈರಪ್ಪನವರು "ನೋಡಾನ ಬುಡಿ" ಅಂದು ಇಳಿದು ಹೋದರು.

ಈ ನೋಡಾನ ಅನ್ನುವ ಮಾತಿದೆಯಲ್ಲ, ಅದು ಹೂಂ ಅಲ್ಲ, ಊಹೂಂ ಅಲ್ಲ. ಶಿಲ್ಪಶ್ರೀ ಅದನ್ನು ಒಂದು ವಾರ ಊಹೂಂ ಅಂತ ಅರ್ಥ ಮಾಡಿಕೊಂಡು ಪಾತ್ರೆಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿದಳು. ಮರುವಾರ ಹೂಂ ಅಂತ ಅರ್ಥ ಮಾಡಿಕೊಂಡು ಬಿಚ್ಚಿದಳು. ಡಿಸೆಂಬರ್ ಹೊತ್ತಿಗೆ ಅವಳು ಅರ್ಧ ಕಟ್ಟಿ ಅರ್ಧ ಬಿಚ್ಚಿದ ಸ್ಥಿತಿಗೆ ಬಂದಿದ್ದಳು. ದೋಸೆ ಹಂಚು ಒಲೆಯ ಮೇಲೆ, ಮೊಗಚೋ ಕೈ ಪೆಟ್ಟಿಗೆಯ ತಳದಲ್ಲಿ. ಐಶ್ವರ್ಯ ತ್ರಿಕೋನಮಿತಿ ಮಾಡುತ್ತಾ ಮಾಡುತ್ತಾ ತಲೆ ಎತ್ತಿ, ನಾವು ಹೋಗ್ತೀವಾ ಇರ್ತೀವಾ ಅಪ್ಪಾ ಅಂತ ಕೇಳುತ್ತಿದ್ದಳು. ಆ ಪ್ರಶ್ನೆ ಬಂದ ದಿನ ಅವಳು ತಟ್ಟೆಯಲ್ಲಿ ಅರ್ಧ ಊಟ ಬಿಟ್ಟೇ ಏಳುತ್ತಿದ್ದಳು.

ಇದು ಸಾಲದು ಅಂತ ಆಫೀಸಿನ ಕಾಟ ಬೇರೆ. ಪುಟ್ಟೇನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಅವನ ಪರದೆ ಏಳನೇ ಮಹಡಿಗೆ ಹೋದವರಿಗೆಲ್ಲ ನೆಲಮಾಳಿಗೆ ಅಂತ ತೋರಿಸತೊಡಗಿತ್ತು. ಒಬ್ಬ ಅಜ್ಜಿ ಅದನ್ನು ನಂಬಿ, ತಮ್ಮ ಮನೆ ಬಾಗಿಲ ಮುಂದೆಯೇ ಲಿಫ್ಟಿನಿಂದ ಇಳಿಯಲು ಒಪ್ಪದೆ ಮುಕ್ಕಾಲು ಗಂಟೆ ಮೇಲೆ ಕೆಳಗೆ ಓಡಾಡಿದ್ದರು.

ಕಾರಣ ಹುಡುಕೋಕೆ ಮೂರು ವಾರ ಹಿಡಿಯಿತು. ಓದುಗರು ಗಾಬರಿಯಾಗಬಾರದು, ವಿಷಯ ಸರಳವಾಗಿದೆ. ಪ್ರೋಗ್ರಾಂ ಕೆಲಸ ಮಾಡಬೇಕಾದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಅದಕ್ಕೆ ಜಾಗ ಬೇಕು. ಜಾಗ ಹಂಚುವವನಿಗೆ ಅಲೊಕೇಟರ್ ಅಂತ ಹೆಸರು. ಅವನ ಹತ್ತಿರ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಅವನಿಗೇ ಹಿಂತಿರುಗಿಸಬೇಕು. ಬಸವಪ್ರಸಾದ ಪರದೆಯ ಮೇಲೆ ಚಿತ್ರ ಬಿಡಿಸಲು ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡು ಬಳಸುತ್ತಿದ್ದ. ಅಂಥದಕ್ಕೆ ಆ ಕಸುಬಿನವರು ಲೈಬ್ರರಿ ಅನ್ನುತ್ತಾರೆ, ಯಾಕೋ ಏನೋ. ಆ ಲೈಬ್ರರಿ ತನ್ನದೇ ಖಾಸಗಿ ಅಲೊಕೇಟರ್ ಒಬ್ಬನನ್ನು ಒಳಗೆ ಇಟ್ಟುಕೊಂಡಿತ್ತು, ಯಾರಿಗೂ ಹೇಳಿರಲಿಲ್ಲ. ನಮ್ಮವನು ಅವನಿಂದ ಪಡೆದ ಜಾಗವನ್ನು ಸಿ ಭಾಷೆಯ ಮಾಮೂಲಿ ಅಲೊಕೇಟರಿಗೆ ಹಿಂತಿರುಗಿಸುತ್ತಿದ್ದ. ಎಂದೂ ಕೊಡದ ಜಾಗ ವಾಪಸ್ ಬಂದರೆ ಯಾರಿಗಾದರೂ ತಲೆ ಕೆಡದೆ ಇರುತ್ತದೆಯೇ?

ಒಂದು ಭಾನುವಾರ ಬೆಳಗ್ಗೆ, ಆ ಖಾಸಗಿ ಅಲೊಕೇಟರನ್ನು ನೇರವಾಗಿ ತಲುಪುವ ದಾರಿ ಬಸವಪ್ರಸಾದನಿಗೆ ಸಿಕ್ಕಿಬಿಟ್ಟಿತು. ಖುಷಿ ತಡೆಯಲಾರದೆ ಮೆಟ್ಟಿಲ ಮೇಲೆ ನಿಂತು ಆಫೀಸಿನ ಸುಮನ್‌ಗೆ ಫೋನು ಮಾಡಿದ.

"ಸಿಕ್ಬಿಟ್ಟ ಗುರು, ಲೈಬ್ರರಿಯವರ ಅಲೊಕೇಟರ್. ಇಷ್ಟು ದಿನ ಒಳಗೇ ಬಚ್ಚಿಟ್ಟಿದ್ರು. ನಂಗೆ ಡೈರೆಕ್ಟ್ ಆಕ್ಸೆಸ್ ಸಿಕ್ತು. ಇನ್ಮೇಲೆ ಸುತ್ತಿ ಬಳಸಿ ಹೋಗೋದೇ ಬೇಡ, ಅವನ ಹತ್ರಾನೇ ಬ್ಲಾಕ್ ಕೇಳೋದು. ಕೇಳಿದ ತಕ್ಷಣ ಅಲಾಟ್ ಮಾಡ್ತಾನೆ. ಎಷ್ಟೊಂದು ಬ್ಲಾಕು ಫ್ರೀ ಬಿದ್ದಿದೆ ಗೊತ್ತಾ?"

ಇದನ್ನೇ ಬೇರೆ ಯಾವ ಊರಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ಪಕ್ಕದಲ್ಲೇ ಜಯನಗರ. ಇಲ್ಲಿ ಬ್ಲಾಕ್ ಅಂದರೆ ಥರ್ಡ್ ಬ್ಲಾಕ್, ಫೋರ್ತ್ ಬ್ಲಾಕ್. ಅಲಾಟ್ ಅಂದರೆ ಸೈಟು. ಆ ಮಾತುಗಳಿಗೆ ಇನ್ನೊಂದು ಅರ್ಥ ಇರಬಹುದು ಅಂತ ಈ ಕಡೆ ಹುಟ್ಟಿದವರು ಕನಸಿನಲ್ಲೂ ಎಣಿಸುವುದಿಲ್ಲ. ಕೆಳಗೆ ಕನಕಾಂಬರದ ಗಿಡಕ್ಕೆ ನೀರು ಬಿಡುತ್ತಿದ್ದ ಚಿಕ್ಕಬೈರಪ್ಪನವರ ಕೈಯಲ್ಲಿದ್ದ ಪೈಪು ಗಿಡ ಬಿಟ್ಟು ಗೇಟಿನ ಕಡೆ ತಿರುಗಿತು. ಗೇಟಿನಾಚೆ ಪೇಪರು ತರಲು ಹೊರಟಿದ್ದ ಎದುರು ಮನೆ ಹನುಮಯ್ಯನವರ ಪಂಚೆ ಪೂರ್ತಿ ನೆನೆಯಿತು. ಇಬ್ಬರಿಗೂ ಅದು ಗೊತ್ತಾಗಲಿಲ್ಲ, ಯಾಕೆಂದರೆ ಇಬ್ಬರೂ ಮೇಲಕ್ಕೇ ಕಿವಿ ಕೊಟ್ಟಿದ್ದರು.

ಹತ್ತು ನಿಮಿಷಕ್ಕೆ ಚಿಕ್ಕಬೈರಪ್ಪನವರು ಒಂದು ಮೊರ ಅವರೆಕಾಯಿ ಹಿಡಿದು ಮೇಲೆ ಬಂದರು. ಅವರೆಕಾಯಿ ಕೊಟ್ಟರು, ಚಳಿಯ ಬಗ್ಗೆ ಮಾತಾಡಿದರು, ಕೊನೆಗೆ ದನಿ ತಗ್ಗಿಸಿ, ಆ ಲೈಬ್ರರಿ ಅಲಾಟರು ನಿಮಗೆ ಪರಿಚಯಾನಾ ಅಂದರು. ಬಸವಪ್ರಸಾದನಿಗೆ ಕಣ್ಣು ತುಂಬಿ ಬರುವುದೊಂದು ಬಾಕಿ. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಮೊದಲನೇ ಸಲ ಒಬ್ಬ ಮನುಷ್ಯ ಅವನ ಕೆಲಸದ ಬಗ್ಗೆ ಪ್ರಶ್ನೆ ಕೇಳಿದ್ದ. ಕುರ್ಚಿ ಎಳೆದು ಕೂರಿಸಿ, ಪರಿಚಯ ಏನು ಬಂತು ಸಾರ್, ಮೂರು ವಾರದಿಂದ ಅವನ ಹಿಂದೇನೇ ಬಿದ್ದಿದ್ದೆ ಅಂದ. ಅಳತೆ ಹೆಂಗೆ ಕೊಡ್ತಾನೆ ಅಂತ ಅವರು ಕೇಳಿದರು. ಆಹಾ, ಎಂಥ ಬುದ್ಧಿವಂತ ಪ್ರಶ್ನೆ ಅನ್ನಿಸಿತು ಇವನಿಗೆ.

"ಅವನದ್ದು ಸೈಜು ಫಿಕ್ಸ್ ಸಾರ್. ಮೂವತ್ತೆರಡು, ಅರವತ್ನಾಲ್ಕು, ಹಂಗೆ. ನೀವು ಮೂವತ್ತು ಕೇಳಿದ್ರೆ ಮೂವತ್ತೆರಡು ಕೊಡ್ತಾನೆ. ನಲವತ್ತು ಕೇಳಿದ್ರೆ ಅರವತ್ನಾಲ್ಕು."

ಜೀವಮಾನವೆಲ್ಲ ಥರ್ಟಿ ಫಾರ್ಟಿ ಸೈಟಿನ ಕನಸು ಕಂಡ ಚಿಕ್ಕಬೈರಪ್ಪನವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಕೇಳಿದ್ದಕ್ಕಿಂತ ಜಾಸ್ತಿ ಕೊಡುವ ಅಧಿಕಾರಿ ಈ ಭೂಮಿಯ ಮೇಲೆ ಇದ್ದಾನೆ ಅನ್ನುವುದನ್ನು ಅರಗಿಸಿಕೊಳ್ಳಲು ಅವರಿಗೆ ಎರಡು ಲೋಟ ನೀರು ಬೇಕಾಯಿತು. ಹೊರಡುವಾಗ ಮೆಟ್ಟಿಲ ಮೇಲೆ ತಿರುಗಿ ನಿಂತು, ಮನೆ ಖಾಲಿ ಮಾಡೋ ವಿಷಯ ತಲೆಗೆ ಹಚ್ಕೋಬೇಡಿ, ಅದೆಲ್ಲ ನೋಡಾನ ಅಂದರು. ಶಿಲ್ಪಶ್ರೀ ಮೊಗಚೋ ಕೈ ಪೆಟ್ಟಿಗೆಯಿಂದ ಹೊರಗೆ ತೆಗೆದಳು.

ಸೋಮವಾರ ಮಂಗಳವಾರದೊಳಗೆ ಬೀದಿ ಪೂರ್ತಿ ಬದಲಾಯಿತು. ಹನುಮಯ್ಯನವರು ಸರ್ವೆ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತಿಯಾದವರು, ಯಾವುದನ್ನೂ ಗೊತ್ತಿಲ್ಲ ಅಂದವರಲ್ಲ. ಲೈಬ್ರರಿ ಕೋಟಾ ಅಂತ ಒಂದು ಹಿಂದಿನಿಂದಲೂ ಇದೆ, ಓದೋ ಜನ ಕಡಿಮೆಯಾದ ಮೇಲೆ ಜಾಗ ಉಳಿದಿರುತ್ತೆ, ಗಲಾಟೆ ಆಗದಿರಲಿ ಅಂತ ಒಳಗೊಳಗೇ ಹಂಚುತ್ತಾರೆ ಅಂತ ಅವರು ವಿವರಿಸಿದರು. ಚಿಕ್ಕಬೈರಪ್ಪನವರ ದಾಯಾದಿ ಹೊಳೆಪ್ಪ, ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿಯವನು, ದಿನಾ ಬೆಳಗ್ಗೆ ಶಿಲ್ಪಶ್ರೀಗೆ ಎರಡು ಮೊಳ ಮಲ್ಲಿಗೆ ಕಳಿಸತೊಡಗಿದ. ಒಂಬತ್ತು ವರ್ಷ ತಲೆಯನ್ನೂ ಆಡಿಸದ ಪಕ್ಕದ ಮನೆಯವರು ಬಸವಪ್ರಸಾದನ ಸ್ಕೂಟರು ನಿಲ್ಲಿಸಲು ತಮ್ಮ ಕಾರು ತೆಗೆದು ಜಾಗ ಬಿಟ್ಟರು. ಎಲ್ಲರೂ ಅವನ ಕೆಲಸದ ಬಗ್ಗೆ ಕೇಳುವವರೇ. ಫ್ರೀ ಆದ ಬ್ಲಾಕ್ ಬೇರೆಯವರಿಗೆ ಕೊಡ್ತಾರಾ ಸಾರ್? ಕೊಡಲೇಬೇಕಲ್ವಾ. ಪಕ್ಕಪಕ್ಕದ ಎರಡು ಬ್ಲಾಕ್ ಒಂದು ಮಾಡಿಸಬಹುದಾ? ಮಾಡಿಸಬಹುದು, ಅದೇ ಅವನ ವಿಶೇಷ. ಜನಸಾಮಾನ್ಯರಿಗೆ ಸಿ ಭಾಷೆಯಲ್ಲಿ ಇಷ್ಟು ಆಸಕ್ತಿ ಇರುವುದು ಇಷ್ಟು ದಿನ ತನಗೆ ತಿಳಿಯದೇ ಹೋಯಿತಲ್ಲ ಅಂತ ಬಸವಪ್ರಸಾದ ಹಿಗ್ಗಿಹೋದ.

ಆ ಹಿಗ್ಗು ಬುಧವಾರ ಸಂಜೆಗೆ ಇಳಿಯಿತು. ಚಿಕ್ಕಬೈರಪ್ಪನವರು ಹೆಂಡತಿ ಲಕ್ಷ್ಮಿದೇವಮ್ಮನವರ ಜೊತೆ ಬಂದು, ಸೀರೆ ಅಂಗಡಿಯ ಹಳೇ ಕೈಚೀಲವೊಂದನ್ನು ಅವನ ತೊಡೆಯ ಮೇಲಿಟ್ಟರು. ಒಳಗೆ ಫೈಲು. ಮೂವತ್ತೊಂದು ವರ್ಷದ ಕೆಳಗೆ ಲೇಔಟಿಗೆ ಅಂತ ಅವರಪ್ಪ ಮುನಿಯಣ್ಣನ ಮೂವತ್ತೆಂಟು ಗುಂಟೆ ಹೊಲ ಹೋಗಿತ್ತು. ಪರಿಹಾರದ ಜೊತೆ ಒಂದು ಸೈಟು ಕೊಡ್ತೀವಿ ಅಂತ ಸರ್ಕಾರದವರು ಅಂದಿದ್ದರಂತೆ. ಮುನಿಯಣ್ಣ ಪ್ರತಿ ಮಂಗಳವಾರ ಮಡಿ ಪಂಚೆ ಉಟ್ಟು ಆಫೀಸಿಗೆ ಹೋಗುತ್ತಿದ್ದರು, ಮುಂದಿನ ವಾರ ಬಾ ಅನ್ನಿಸಿಕೊಂಡು ಬರುತ್ತಿದ್ದರು. ಹನ್ನೆರಡು ವರ್ಷ ಹೋದರು. ಕೊನೆಯ ಮಂಗಳವಾರ ಏಳಲಾಗಲಿಲ್ಲ, ಆದರೂ ಪಂಚೆ ಕೇಳಿದರು ಅಂತ ಲಕ್ಷ್ಮಿದೇವಮ್ಮನವರು ಹೇಳಿದರು. ನಮಗೆ ಮನೆ ಇದೆ, ಮಠ ಇದೆ, ಸೈಟಿನಿಂದ ಆಗಬೇಕಾದ್ದು ಏನೂ ಇಲ್ಲ, ಆದರೆ ಮಾವನವರ ಹೆಸರಿನಲ್ಲಿ ಒಂದು ಕಾಗದ ಬಂದರೆ ಸಾಕು ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಿಮ್ಮ ಅಲಾಟರಿಗೆ ಇದನ್ನೊಮ್ಮೆ ತೋರಿಸಿ ಅಂದರು.

ಅವರೆಕಾಯಿ, ಮಲ್ಲಿಗೆ, ಸ್ಕೂಟರಿನ ಜಾಗ, ಎಲ್ಲ ಒಂದೊಂದೇ ಬಸವಪ್ರಸಾದನ ತಲೆಗೆ ಹೊಳೆಯಿತು. ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವರು ಎದ್ದು ನಿಂತು ಕೈಮುಗಿದರು. ವಯಸ್ಸಾದವರು ಕೈಮುಗಿದಾಗ ಇವನೂ ಮುಗಿಯಬೇಕಲ್ಲ, ಮುಗಿದ. ಅವರು ಅದನ್ನು ಒಪ್ಪಿಗೆ ಅಂದುಕೊಂಡು ಇಳಿದರು.

ವಿಷಯ ತಿಳಿದು ಶಿಲ್ಪಶ್ರೀ ಮೊದಲು ನಕ್ಕಳು, ಆಮೇಲೆ ಫೈಲು ತೆರೆದು ಒಂದೊಂದೇ ಕಾಗದ ಓದಿದಳು. ನಿಜ ಹೇಳಿದರೆ ಸಂಕ್ರಾಂತಿಗೆ ಮನೆ ಬಿಡಬೇಕು, ಮಗಳ ಪರೀಕ್ಷೆಗೆ ಕುತ್ತು. ಹೇಳದಿದ್ದರೆ ಮುದುಕರಿಗೆ ಮೋಸ. ಅವಳು ಬಹಳ ಯೋಚಿಸಿ, ಸುಳ್ಳೂ ಹೇಳಬೇಡಿ, ನಿಜಾನೂ ಹೇಳಬೇಡಿ, ಏಪ್ರಿಲ್‌ವರೆಗೆ ಬರೀ ಕೆಮ್ಮುತ್ತಾ ಇರಿ ಅಂತ ತೀರ್ಪು ಕೊಟ್ಟಳು. ಬಸವಪ್ರಸಾದ ಗುರುವಾರ, ಶುಕ್ರವಾರ ಕೆಮ್ಮಿದ. ಚಿಕ್ಕಬೈರಪ್ಪನವರು ತುಳಸಿ ಕಷಾಯ ಕಳಿಸಿದರು. ಅದನ್ನು ಕುಡಿಯುವಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಕೆಮ್ಮಿ ತಪ್ಪಿಸಿಕೊಳ್ಳುವ ದಾರಿಯೂ ಶನಿವಾರ ಮುಚ್ಚಿತು. ಕೆಲಸ ನಿಧಾನ ಆಗ್ತಿದೆ, ಅಲಾಟರನ್ನು ಎಲ್ಲರೂ ಸೇರಿ ಮುಖತಃ ಕಾಣೋದೇ ಸರಿ ಅಂತ ಹನುಮಯ್ಯನವರು ನಿರ್ಧರಿಸಿದ್ದರು. ಬೆಳಗ್ಗೆ ಹತ್ತಕ್ಕೆ ಅವರು, ಹೊಳೆಪ್ಪ ಮತ್ತು ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಚಿಕ್ಕಬೈರಪ್ಪನವರು ಗೇಟಿನಲ್ಲಿ ಸಿದ್ಧರಾಗಿ ನಿಂತಿದ್ದರು. ಬಸವಪ್ರಸಾದನನ್ನು ಮಧ್ಯೆ ಇಟ್ಟುಕೊಂಡು ಬಡಾವಣೆಯ ಗ್ರಂಥಾಲಯದ ಕಡೆ ನಡೆದರು. ಮದುವೆ ಮನೆಯಲ್ಲಿ ಮದುಮಗನನ್ನು ಕರೆದುಕೊಂಡು ಹೋದಂತೆ ಇತ್ತು. ಮದುಮಗನ ಮುಖ ಮಾತ್ರ ಚೆನ್ನಾಗಿರಲಿಲ್ಲ.

ಗ್ರಂಥಾಲಯದ ಮೌನೇಶ ಹೆಸರಿಗೆ ತಕ್ಕ ಮನುಷ್ಯ. ಜೋರಾಗಿ ಉಸಿರಾಡಿದರೂ ನಿಶ್ಶಬ್ದ ಅನ್ನುವ ಬೋರ್ಡಿನ ಕಡೆ ಬೆರಳು ತೋರಿಸುತ್ತಿದ್ದ. ಹೊಳೆಪ್ಪ ಒಳಗೆ ಬಂದವನೇ ಟೇಪು ತೆಗೆದು ಓದುವ ಕೋಣೆಯನ್ನು ಅಳೆಯತೊಡಗಿದಾಗ ಮೌನೇಶ ಕುರ್ಚಿಯಿಂದ ಎದ್ದು ಬಂದ. ಯಾಕೆ ಅಳೀತಿದ್ದೀರಿ ಅಂತ ಪಿಸುದನಿಯಲ್ಲಿ ಕೇಳಿದ. ಬ್ಲಾಕಿಗೆ ಅಂತ ಹನುಮಯ್ಯನವರೂ ಪಿಸುದನಿಯಲ್ಲೇ ಹೇಳಿದರು. ಅಲಾಟರು ಎಲ್ಲಿ ಅಂತ ಕೇಳಿದರು. ಇಲ್ಲಿ ಅಲಾಟ್ ಆಗೋದು ಪುಸ್ತಕ ಮಾತ್ರ, ಅದೂ ಹದಿನೈದು ದಿನಕ್ಕೆ ಅಂದ ಮೌನೇಶ. ಹನುಮಯ್ಯನವರು ಚಿಕ್ಕಬೈರಪ್ಪನವರಿಗೆ ಕಣ್ಣು ಹೊಡೆದು, ನೋಡಿದ್ರಾ, ಒಳಗಿನವರು ಬಾಯಿ ಬಿಡೋದಿಲ್ಲ ಅಂದರು. ಪೇಪರು ಓದುತ್ತಿದ್ದ ಇಬ್ಬರು ಮುದುಕರು ತಮ್ಮ ಬೆಂಚು ಯಾರಿಗೋ ಅಲಾಟ್ ಆಗಿದೆ ಅಂತ ತಿಳಿದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಷ್ಟೂ ಗಲಾಟೆ ಪಿಸುಪಿಸು ದನಿಯಲ್ಲೇ ನಡೆಯಿತು.

ಚಿಕ್ಕಬೈರಪ್ಪನವರು ಮಾತ್ರ ಮೇಜಿನ ಮುಂದೆ ನೆಟ್ಟಗೆ ಕೂತು ಜೇಬಿನಿಂದ ಒಂದು ಸಣ್ಣ ಕವರು ತೆಗೆದರು. ಪಾಸ್‌ಪೋರ್ಟ್ ಸೈಜಿನ ಆರು ಫೋಟೋ, ನಿನ್ನೆ ಸಂಜೆ ತೆಗೆಸಿದ್ದು. ಅರ್ಜಿಗೆ ಬೇಕಾಗ್ತದೆ ಅಂತ ತಂದಿದ್ದೀನಿ ಸಾರ್ ಅಂದರು. ಫೋಟೋದಲ್ಲಿ ಅವರು ಕೂದಲಿಗೆ ನೀರು ಹಚ್ಚಿ ಬಾಚಿದ್ದರು, ನಗಬಾರದು ಅಂತ ಯಾರೋ ಹೇಳಿದ್ದರೂ ಸ್ವಲ್ಪ ನಕ್ಕಿದ್ದರು.

ಬಸವಪ್ರಸಾದನಿಗೆ ಆಮೇಲೆ ಕೆಮ್ಮು ಬರಲಿಲ್ಲ. ಅಲ್ಲೇ ನಿಂತು, ಪಿಸುದನಿಯಲ್ಲೇ ಎಲ್ಲ ಹೇಳಿಬಿಟ್ಟ. ಅಲೊಕೇಟರ್ ಮನುಷ್ಯ ಅಲ್ಲ, ಲಿಫ್ಟಿನ ಪರದೆ ಒಳಗಿನ ಲೆಕ್ಕಾಚಾರ. ಲೈಬ್ರರಿ ಇದಲ್ಲ. ಬ್ಲಾಕು ಕಣ್ಣಿಗೂ ಕಾಣದಷ್ಟು ಸಣ್ಣದು, ಅದರ ಮೇಲೆ ಇರುವೆಯೂ ನಿಲ್ಲೋದಿಲ್ಲ.

"ಬುಧವಾರವೇ ನಂಗೆ ಗೊತ್ತಾಯ್ತು ಸಾರ್. ಮನೆ ಉಳೀತದೆ ಅನ್ನೋ ಆಸೆಗೆ ಹೇಳ್ಲಿಲ್ಲ. ತಪ್ಪಾಯ್ತು. ಸಂಕ್ರಾಂತಿಗೆ ಖಾಲಿ ಮಾಡ್ತೀನಿ."

ಹೊಳೆಪ್ಪ ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟ. ಆ ಸದ್ದಿಗೂ ಮೌನೇಶ ಬೆರಳು ತೋರಿಸಿದ. ಆರು ದಿನದ ಮಲ್ಲಿಗೆ ಲಿಫ್ಟಿಗೆ ಮುಡಿಸಿದಂತಾಯ್ತು ಅಂತ ಗೊಣಗಿಕೊಂಡು ಹೊಳೆಪ್ಪ ಹೊರಟ. ನನಗೆ ಮೊದಲೇ ಅನುಮಾನ ಇತ್ತು, ಆದರೆ ನಿಮ್ಮ ಉತ್ಸಾಹಕ್ಕೆ ಯಾಕೆ ತಣ್ಣೀರು ಎರಚಲಿ ಅಂತ ಸುಮ್ಮನಿದ್ದೆ ಅಂತ ಹೇಳಿ ಹನುಮಯ್ಯನವರೂ ಹೊರಟರು. ಮುದುಕರು ಬೆಂಚು ಬಿಟ್ಟು ಮತ್ತೆ ಪೇಪರು ಎತ್ತಿಕೊಂಡರು.

ಚಿಕ್ಕಬೈರಪ್ಪನವರು ಏಳಲಿಲ್ಲ. ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿ ಕವರಿಗೆ ಹಾಕಿದರು. ಬಯ್ಯುತ್ತಾರೆ ಅಂತ ಬಸವಪ್ರಸಾದ ತಲೆ ತಗ್ಗಿಸಿ ನಿಂತಿದ್ದ, ಬೈದಿದ್ದರೆ ಚೆನ್ನಾಗಿತ್ತು ಅಂತಲೂ ಅನ್ನಿಸಿತು. ಕವರನ್ನು ಜೇಬಿಗಿಟ್ಟುಕೊಂಡು ಅವರು ಕೇಳಿದರು.

"ಆ ಡಬ್ಬಿ ಒಳಗಿರೋನು, ಕೇಳಿದ ತಕ್ಷಣ ಜಾಗ ಕೊಡ್ತಾನೆ ಅಂದ್ರಲ್ಲ. ಅದು ದಿಟವಾ?"

"ದಿಟ ಸಾರ್. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕೊಡ್ತಾನೆ."

"ಅವನತ್ರ ಜಾಗ ಇಲ್ದಿದ್ರೆ?"

"ಇಲ್ಲ ಅಂತಾನೆ."

"ಯಾವಾಗ?"

"ಆಗ್ಲೇ ಸಾರ್. ಸೊನ್ನೆ ಕಳಿಸ್ತಾನೆ. ಸೊನ್ನೆ ಬಂತು ಅಂದ್ರೆ ಜಾಗ ಇಲ್ಲ, ಬೇರೆ ದಾರಿ ನೋಡ್ಕೋ ಅಂತ."

"ಮುಂದಿನ ವಾರ ಬಾ ಅನ್ನಲ್ವಾ?"

"ಹಂಗನ್ನೋದು ಅವನಿಗೆ ಬರಲ್ಲ ಸಾರ್."

ಚಿಕ್ಕಬೈರಪ್ಪನವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಷರಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು, ಇಸ್ತ್ರಿ ಕೆಟ್ಟಿತು.

"ನಮ್ಮಪ್ಪಂಗೆ ಯಾರಾನ ಒಬ್ರು ಅಷ್ಟು ಯೋಳಿದ್ರೆ ಸಾಕಾಗಿತ್ತು. ಇಲ್ಲ ಕಣಪ್ಪ, ಓಗು ಅಂತ. ಒಂದು ದಿನ ಅತ್ತು ಸುಮ್ಕಾಗೋರು. ಮಂಗಳವಾರ ಬಂದ್ರೆ ಅನ್ನ ಉಣ್ತಿರ್ಲಿಲ್ಲ ಅವ್ರು."

ಬಸವಪ್ರಸಾದ ಅವರ ಪಕ್ಕದ ಕುರ್ಚಿಯಲ್ಲಿ ಕೂತ. ಚಿಕ್ಕಬೈರಪ್ಪನವರು ಇವನ ಕಡೆ ತಿರುಗಿ, ನಿಮ್ಮ ಹುಡುಗಿ ಊಟ ಸರಿಯಾಗಿ ಮಾಡ್ತಾಳಾ ಅಂತ ಕೇಳಿದರು. ಅವನು ಸುಳ್ಳು ಹೇಳಲು ಹೊರಟು, ಹೇಳಲಾರದೆ, ಅಷ್ಟಕ್ಕಷ್ಟೇ ಸಾರ್ ಅಂದ. ಅವರು ತಲೆಯಾಡಿಸಿದರು. ಪರೀಕ್ಷೆ ಯಾವಾಗ ಮುಗೀತದೆ ಅಂತ ಕೇಳಿದರು. ಏಪ್ರಿಲ್ ಮೊದಲ ವಾರ ಅಂದ.

"ನೀವು ಬುಧವಾರನೇ ಯೋಳ್ಬೇಕಿತ್ತು, ಅದು ತಪ್ಪು. ನಾನು ದೀಪಾವಳಿಗೇ ನೋಡಾನ ಅನ್ನದೆ ಸರಿಯಾಗಿ ಯೋಳ್ಬೇಕಿತ್ತು, ಅದೂ ತಪ್ಪು. ಈಗ ಕೇಳಿ. ಏಪ್ರಿಲ್ ಹತ್ತರವರ್ಗೂ ಇರಿ. ಶ್ವೇತ ಅಲ್ಲೀಗಂಟ ಕೆಳಗೆ ನಮ್ಮ ಜೊತೆ ಇರ್ತಾಳೆ. ಹನ್ನೊಂದಕ್ಕೆ ಇಲ್ಲ. ಎಷ್ಟು ಕೇಳಿದ್ರೂ ಇಲ್ಲ."

ಬಸವಪ್ರಸಾದ ಎದ್ದು ಆಯ್ತು ಸಾರ್ ಅಂದ. ದನಿ ಜೋರಾಯಿತು, ಮೌನೇಶ ತಲೆ ಎತ್ತಿದವನು ಅವನ ಮುಖ ನೋಡಿ ಬೆರಳು ತೋರಿಸದೆ ಬಿಟ್ಟ. ಚಿಕ್ಕಬೈರಪ್ಪನವರನ್ನು ಕೈ ಹಿಡಿದು ಮೆಟ್ಟಿಲು ಇಳಿಸಿ, ಬೀದಿಗೆ ಬಂದ ತಕ್ಷಣ ಮನೆಗೆ ಫೋನು ಮಾಡಿದ.

ಏನಂದ್ರು ರೀ ಅಂತ ಶಿಲ್ಪಶ್ರೀ ಕೇಳಿದಳು.

"ಇಲ್ಲ ಅಂದ್ರು ಕಣೆ," ಅಂದ ಬ‌ಸವಪ್ರಸಾದ, ಸಂತೋಷ ತಡೆಯಲಾರದೆ. "ಏಪ್ರಿಲ್ ಹನ್ನೊಂದನೇ ತಾರೀಕಿಗೆ ಇಲ್ಲವೇ ಇಲ್ಲ ಅಂತ ಬಾಯಿಬಿಟ್ಟು ಹೇಳ್ಬಿಟ್ರು. ಐಶುಗೆ ಊಟಕ್ಕೆ ಬಡಿಸು."